ಸುಣ್ಣದ ಗೋಡೆಗಳ ಋಣ

ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ, ಸಕಲೇಶಪುರವನ್ನು ಬಳಸಿಕೊಂಡು ಹಾಸನದ ಸೀಮೆಗೆ ಇಳಿಯುತ್ತದೆ. ಹುಟ್ಟಿದಲ್ಲಿ ಅಂಗೈ ಅಡ್ಡವಿಟ್ಟು ತಡೆಯಬಹುದಾದ ನೀರು ಗೊರೂರಿನ ಅಣೆಕಟ್ಟಿನ ಹಿಂದೆ ಸಮುದ್ರದಂತೆ ಹರಡಿ ನಿಲ್ಲುತ್ತದೆ. 1963ರಲ್ಲಿ ಮೈಸೂರು ಧರ್ಮಕ್ಷೇತ್ರದಿಂದ ಚಿಕ್ಕಮಗಳೂರು ಧರ್ಮಕ್ಷೇತ್ರವು ಬೇರೆಯಾದಾಗ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳು ಅದರ ಪಾಲಿಗೆ ಬಂದವು. ಆ ಎರಡು ಜಿಲ್ಲೆಗಳನ್ನೂ ಒಂದೇ ದಾರದಿಂದ ಹೊಲಿದಂತೆ ಹರಿಯುವ ಈ ನದಿ, ನಮ್ಮದೇ ಧರ್ಮಕ್ಷೇತ್ರದ ಒಂದು ದೇವಾಲಯವನ್ನು ಪ್ರತಿ ಮಳೆಗಾಲವೂ ತನ್ನೊಳಗೆ ತೆಗೆದುಕೊಂಡು ಬೇಸಿಗೆಯಲ್ಲಿ ಹಿಂದಿರುಗಿಸುತ್ತದೆ. ಅದು ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯ.

ಆ ದೇವಾಲಯವನ್ನು ನಾನು ಮೊದಲು ಕಂಡದ್ದು ಗುರುಮಠದ ವಿದ್ಯಾರ್ಥಿಯಾಗಿದ್ದಾಗ, ಒಂದು ಬೇಸಿಗೆ ರಜೆಯಲ್ಲಿ. ಬಿರುಕುಬಿಟ್ಟ ಕೆಸರಿನ ಮೇಲೆ ನಡೆದುಹೋಗಿ, ಚಾವಣಿಯಿಲ್ಲದ ಆ ಗೋಡೆಗಳ ನಡುವೆ ನಿಂತೆವು. ಬಲಿಪೀಠವಿದ್ದ ಕಡೆ ದನಗಳು ಮಲಗಿದ್ದವು. ಚೂಪಾದ ಕಮಾನುಗಳ ಮೂಲಕ ಆಕಾಶ ಕಾಣುತ್ತಿತ್ತು. ಫ್ರೆಂಚ್ ಮಿಷನರಿ ಗುರುಗಳು 1860ರ ದಶಕದಲ್ಲಿ ಗಾಥಿಕ್ ಶೈಲಿಯಲ್ಲಿ ಅದನ್ನು ಕಟ್ಟಿಸಿದರು. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ಸೀಮೆಗೆ ಬಂದ ಅಬ್ಬೆ ದುಬುವಾ, ಹಾಸನದ ಸುತ್ತ ಬಡ ಕ್ರೈಸ್ತ ಕುಟುಂಬಗಳಿಗಾಗಿ ಕೃಷಿ ವಸಾಹತುಗಳನ್ನು ನೆಲೆಗೊಳಿಸಿದ ಕಾಲದಿಂದಲೂ ಅಲ್ಲಿ ಕ್ರೈಸ್ತ ಸಮುದಾಯಗಳಿದ್ದವು. ಹೇಮಾವತಿಗೆ ಅಣೆಕಟ್ಟು ಬಂದಾಗ ಜನರು ತಮ್ಮ ಮನೆ, ಹೊಲ, ಸಮಾಧಿಗಳನ್ನು ಬಿಟ್ಟು ಪುನರ್ವಸತಿಯ ನೆಲಗಳಿಗೆ ಹೋದರು. ಅಣೆಕಟ್ಟಿನ ಕೆಲಸ 1979ರಲ್ಲಿ ಮುಗಿಯಿತು. ದೇವಾಲಯ ಅಲ್ಲಿಯೇ ಉಳಿಯಿತು.

ಈಗ ಅದು ಪ್ರವಾಸಿಗರ ಬಾಯಲ್ಲಿ ‘ಮುಳುಗುವ ಚರ್ಚು’ ಎಂದಾಗಿದೆ. ಛಾಯಾಚಿತ್ರಗಳಲ್ಲಿ ಅದು ಬಹಳ ಸುಂದರವಾಗಿ ಕಾಣುತ್ತದೆಂಬುದು ನಿಜ. ಆದರೆ ಮದುವೆಗೆ ಮುಂಚಿನ ಚಿತ್ರ ತೆಗೆಸಿಕೊಳ್ಳಲು ಬರುವ ಜೋಡಿಗಳನ್ನು ಕಂಡಾಗಲೆಲ್ಲ, ಅದೇ ಜಾಗದಲ್ಲಿ ವಿವಾಹ ಸಂಸ್ಕಾರ ಪಡೆದ ಎಷ್ಟು ಜೋಡಿಗಳು ತಮ್ಮ ಊರಿನ ಹೆಸರನ್ನಷ್ಟೇ ಉಳಿಸಿಕೊಂಡು ಹೊರಟುಹೋದರೋ ಎಂದು ನನಗೆ ಅನಿಸದೆ ಇರದು. ಇತ್ತೀಚಿನ ವರ್ಷಗಳ ಮಳೆಯಲ್ಲಿ ಗೋಡೆಯ ಕೆಲವು ಭಾಗಗಳು ಉರುಳಿವೆ. ಪ್ರತಿ ಸಲ ಹೀಗಾದಾಗಲೂ ನಮ್ಮ ಜನರು ಗುರುಗಳನ್ನು ಕೇಳುವ ಪ್ರಶ್ನೆ ಒಂದೇ: “ಇದನ್ನು ಜೀರ್ಣೋದ್ಧಾರ ಮಾಡಬಾರದೇ, ಫಾದರ್?”

ಈ ಪ್ರಶ್ನೆಗೆ ಉತ್ತರ ಹುಡುಕುವವರು ಹೇಮಾವತಿಯ ಜೊತೆಯಲ್ಲೇ ಇನ್ನಷ್ಟು ಕೆಳಗೆ ಹೋಗಬೇಕು. ಗೊರೂರನ್ನು ದಾಟಿದ ನೀರು ಕಾವೇರಿಯನ್ನು ಸೇರಿ ಕೃಷ್ಣರಾಜಸಾಗರದಲ್ಲಿ ನಿಲ್ಲುತ್ತದೆ. ಆ ಜಲಾಶಯ ಕಟ್ಟಿದಾಗ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತ್ತು. ಹೊಯ್ಸಳರ ಕಾಲದ ಆ ದೇವಸ್ಥಾನ ಬರಗಾಲದ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತಿತ್ತು. 2000ದ ದಶಕದಲ್ಲಿ ಉದ್ಯಮಿ ಶ್ರೀಹರಿ ಖೋಡೆಯವರ ನೆರವಿನಿಂದ ಅದರ ಕಲ್ಲುಗಳಿಗೆ ಒಂದೊಂದಾಗಿ ಸಂಖ್ಯೆ ಹಾಕಿ, ಬಿಚ್ಚಿ, ದಡದ ಮೇಲಿನ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟು ಕೂಡ ಸರ್ಕಾರದ ಮತ್ತು ಊರಿನವರ ಪಾಲನ್ನು ಸೇರಿಸಿಕೊಂಡು ನಾಡಿನ ಹಲವಾರು ಹಳೆಯ ಗುಡಿಗಳನ್ನು ದುರಸ್ತಿಗೊಳಿಸಿದೆ. ಹಾಗಾದರೆ ಶೆಟ್ಟಿಹಳ್ಳಿಯನ್ನೇಕೆ ಬಿಚ್ಚಿ ಕಟ್ಟಬಾರದು?

ವ್ಯತ್ಯಾಸವಿರುವುದು ಸಾಮಗ್ರಿಯಲ್ಲಿ. ಹೊಯ್ಸಳರ ಶಿಲ್ಪಿಗಳು ಕಲ್ಲಿಗೆ ಕಲ್ಲನ್ನು ಕಚ್ಚಿಸಿ ಕೂಡಿಸಿದರು. ಅಲ್ಲಿ ಪ್ರತಿಯೊಂದು ಕಲ್ಲಿಗೂ ಅದರದೇ ಸ್ಥಾನವುಂಟು. ಬಿಚ್ಚಿದರೂ ಅದು ತನ್ನ ಸ್ಥಾನವನ್ನು ಮರೆಯದು. ಶೆಟ್ಟಿಹಳ್ಳಿಯ ದೇವಾಲಯವೋ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಇಟ್ಟಿಗೆ, ಗಾರೆಗಳು ಕೂಡಿ ಒಂದೇ ಒಡಲಾಗಿವೆ. ಅದನ್ನು ಬಿಚ್ಚಿದರೆ ನಮಗೆ ಸಿಗುವುದು ದೇವಾಲಯವಲ್ಲ, ಒಂದು ರಾಶಿ ಇಟ್ಟಿಗೆಚೂರು. ಬೇರೆಡೆ ಅದೇ ಅಳತೆಯಲ್ಲಿ ಕಟ್ಟಬಹುದು. ಆಗ ಅದು ಹೊಸ ದೇವಾಲಯವಾಗುತ್ತದೆಯೇ ಹೊರತು ಉಳಿಸಿದ ದೇವಾಲಯವಾಗುವುದಿಲ್ಲ. ಇದ್ದಲ್ಲಿಯೇ ಚಾವಣಿ ಹೊದಿಸಿದರೆ ವರ್ಷದಲ್ಲಿ ಹಲವು ತಿಂಗಳು ನೀರೊಳಗೆ ನಿಲ್ಲುವ ಚಾವಣಿಯಾಗುತ್ತದೆ. ಉಳಿದಿರುವ ಗೋಡೆಗಳ ತಲೆಗೆ ಸುಣ್ಣದ ಗಾರೆ ಕಟ್ಟಿ, ಸಂದುಗಳಲ್ಲಿ ಬೇರಿಳಿಸುತ್ತಿರುವ ಅರಳಿಯ ಗಿಡಗಳನ್ನು ಕಿತ್ತು, ಬಾಗಿದ ಕಮಾನುಗಳಿಗೆ ಆಸರೆ ಕೊಟ್ಟು, ಇರುವುದನ್ನು ಇರುವಷ್ಟು ಕಾಲ ನಿಲ್ಲಿಸುವುದೊಂದೇ ಅಲ್ಲಿ ಪ್ರಾಮಾಣಿಕವಾದ ಕೆಲಸವೆಂದು ನನ್ನ ಭಾವನೆ. ಕೇಳಿದವರಿಗೆ ಈ ಉತ್ತರ ಸಮಾಧಾನ ತರುವುದಿಲ್ಲ. ಜೀರ್ಣೋದ್ಧಾರವೆಂದರೆ ಹಳೆಯದನ್ನು ಹೊಸದಾಗಿ ಹೊಳೆಯಿಸುವುದು ಎಂದೇ ನಾವೆಲ್ಲರೂ ನಂಬಿದ್ದೇವೆ. ನಾನೂ ಹಾಗೆಯೇ ನಂಬಿದ್ದೆ. ಅದರ ಕಥೆಯನ್ನು ಹೇಳಿಬಿಡುವುದು ಒಳ್ಳೆಯದು.

ಸುಮಾರು ಇಪ್ಪತ್ತು ವರ್ಷಗಳಿಗೂ ಹಿಂದೆ, ಬಾಬಾಬುಡನ್‌ಗಿರಿಯ ಸಾಲು ಕಾಣುವ ಇಳಿಜಾರಿನಲ್ಲಿರುವ ಒಂದು ಸಣ್ಣ ಧರ್ಮಕೇಂದ್ರಕ್ಕೆ ನನ್ನನ್ನು ಕಳುಹಿಸಿದರು. ನಮ್ಮ ಕಾಫಿ ಸೀಮೆಯ ಇಂಥ ದೇವಾಲಯಗಳ ಚರಿತ್ರೆ ಬಹುಮಟ್ಟಿಗೆ ಒಂದೇ. ಸೂಫಿ ಸಂತ ಬಾಬಾ ಬುಡನ್ ಏಳು ಬೀಜ ತಂದನೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. 1830ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲನು ಆ ಗಿರಿಸಾಲಿನ ದಕ್ಷಿಣಕ್ಕೆ ತೋಟ ಮಾಡಿದ ಮೇಲೆ ಎಸ್ಟೇಟುಗಳು ಬೆಳೆದವು. ದುಡಿಯಲು ತಮಿಳು ಸೀಮೆಯಿಂದಲೂ ಕರಾವಳಿಯಿಂದಲೂ ಜನ ಬಂದರು. ಘಾಟಿ ಹತ್ತಿದ ಕೊಂಕಣಿ ಕುಟುಂಬಗಳು ರೈಟರ ಕೆಲಸ ಹಿಡಿದವು, ಕೆಲವರು ಮುಂದೆ ತೋಟ ಕೊಂಡರು. ಇವರೆಲ್ಲರೂ ಕೂಡಿ ಭಾನುವಾರದ ಬಲಿಪೂಜೆಗಾಗಿ ಕಲ್ಲು, ಇಟ್ಟಿಗೆ, ಸುಣ್ಣದಿಂದ ದೇವಾಲಯಗಳನ್ನು ಕಟ್ಟಿಕೊಂಡರು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಬೆಳೆದ ಮೇಲೆ, ಹುಲ್ಲಿನ ಮಾಡುಗಳು ಹೋಗಿ ಕೆಂಪು ಹೆಂಚುಗಳು ಮಲೆನಾಡಿನ ತಲೆಗೇರಿದವು.

ನಾನು ಹೋದ ದೇವಾಲಯದ ಪಡುವಣ ಗೋಡೆ ಮಳೆಗಾಲದುದ್ದಕ್ಕೂ ತೇವವಾಗಿರುತ್ತಿತ್ತು. ಗಾಳಿಯೊಡನೆ ಅಡ್ಡಡ್ಡವಾಗಿ ಹೊಡೆಯುವ ನಮ್ಮ ಮಳೆಗೆ ಎದುರಾಗಿ ನಿಂತ ಗೋಡೆ ಅದು. ಒಳಮೈಯಲ್ಲಿ, ಬಲಿಪೀಠದ ಎರಡೂ ಬದಿಗೆ, ಯಾರೋ ಹೆಸರಿಲ್ಲದ ಕೈ ಬರೆದ ಒಂದು ಪಟ್ಟಿಯಿತ್ತು: ದ್ರಾಕ್ಷಿಬಳ್ಳಿ ಮತ್ತು ಗೋದಿತೆನೆ, ನೀಲಿ ಹಾಗೂ ಕೆಮ್ಮಣ್ಣಿನ ಬಣ್ಣದಲ್ಲಿ. ಅದೂ ಅಲ್ಲಲ್ಲಿ ಉದುರಿತ್ತು. ಕಾಫಿಯ ಬೆಲೆ ನೆಲಕಚ್ಚಿದ್ದ ವರ್ಷಗಳು ಅವು. ಆದರೂ ನಮ್ಮ ಜನ ಕೂಲಿಯಲ್ಲಿ ಉಳಿಸಿ, ಮೂಟೆ ಕಾಫಿ ಮಾರಿ, ಹಣ ಕೂಡಿಸಿದರು. ಗುತ್ತಿಗೆದಾರರೊಬ್ಬರು ಬಂದು, ಹಳೆಯ ಗಾರೆಯನ್ನೆಲ್ಲ ಕೆರೆದು ಸಿಮೆಂಟು ಹಾಕಿ, ಮೇಲೆ ಒಳ್ಳೆಯ ಪೇಂಟು ಬಳಿದರೆ ಐವತ್ತು ವರ್ಷ ಚಿಂತೆಯಿಲ್ಲವೆಂದರು. ಪಾಲನಾ ಮಂಡಳಿ ಒಪ್ಪಿತು. ನಾನು ಎಲ್ಲರಿಗಿಂತ ಮೊದಲು ಒಪ್ಪಿದ್ದೆ.

ಒಪ್ಪದವರು ಒಬ್ಬರೇ. ಎಪ್ಪತ್ತು ದಾಟಿದ ಒಬ್ಬ ಮೇಸ್ತ್ರಿ. ಕೆಲಸ ಬಿಟ್ಟು ಮನೆಯಲ್ಲಿದ್ದವರು, ಕೆರೆಯುವ ಸದ್ದು ಕೇಳಿ ಕೋಲೂರಿಕೊಂಡು ಬಂದರು.

“ಸ್ವಾಮಿ, ಈ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತೆ, ಬೇಸಿಗೆಯಲ್ಲಿ ಬಿಡುತ್ತೆ. ನಮ್ಮಪ್ಪನ ಕಾಲದಿಂದ ಹಂಗೇ. ಸಿಮೆಂಟು ಹೊಡೆದರೆ ಅದರ ಬಾಯಿ ಕಟ್ಟಿದಂಗಾಯ್ತದೆ.”

“ಕಾಲ ಬದಲಾಗಿದೆ ಮೇಸ್ತ್ರಿಯವರೇ,” ಎಂದೆ ನಾನು. ಅವರು ಮತ್ತೆ ಮಾತನಾಡಲಿಲ್ಲ. ನೆಲಕ್ಕೆ ಬಿದ್ದಿದ್ದ ಒಂದು ಗಾರೆಯ ಚೂರನ್ನು ಎತ್ತಿ, ಬೆರಳಲ್ಲಿ ಉಜ್ಜಿ ನೋಡಿ, ಹಿಂದಿರುಗಿದರು. ದ್ರಾಕ್ಷಿಬಳ್ಳಿಯ ಪಟ್ಟಿಯೂ ಆ ರಾಶಿಯಲ್ಲಿತ್ತು. ಅದನ್ನೆಲ್ಲ ಎಸ್ಟೇಟಿನ ರಸ್ತೆಯ ಗುಂಡಿಗಳಿಗೆ ತುಂಬಿದೆವು.

ಮೂರು ಮಳೆಗಾಲ ಸಾಕಾಯಿತು. ಪೇಂಟು ಗುಳ್ಳೆಯೆದ್ದಿತು. ಬಿಳಿಯ ಉಪ್ಪು ಹೂವಿನಂತೆ ಗೋಡೆಯ ಮೇಲೆ ಅರಳಿತು. ಹೊರಗಿನಿಂದ ಸಣ್ಣ ಬಿರುಕುಗಳಲ್ಲಿ ಒಳನುಗ್ಗಿದ ನೀರು, ಸಿಮೆಂಟಿನ ಹೊದಿಕೆಯಿಂದಾಗಿ ಹೊರಬರಲು ದಾರಿಯಿಲ್ಲದೆ ಮೇಲೇರಿ, ಗೋಡೆಯೊಳಗೆ ಕೂತಿದ್ದ ತೊಲೆಗಳ ತುದಿಗಳನ್ನು ಕೊಳೆಯಿಸಿತು. ಎಂಬತ್ತು, ತೊಂಬತ್ತು ಮಳೆಗಾಲ ಕಂಡಿದ್ದ ಹಲಸಿನ ತೊಲೆಗಳು! ನನ್ನ ನಂತರ ಬಂದ ಗುರುಗಳು ಆ ಭಾಗದ ಹೆಂಚು, ರೀಪು, ಪಕಾಸಿಗಳನ್ನೆಲ್ಲ ಇಳಿಸಬೇಕಾಯಿತು. ಮೇಸ್ತ್ರಿಯವರು ಹೇಳಿದ್ದೇ ಸರಿ ಎಂದು ಅವರಿಗೆ ತಿಳಿಸಲು ನಾನು ಹೋಗುವ ಮೊದಲೇ ಅವರು ಪ್ರಭುವಿನ ಪಾದ ಸೇರಿದ್ದರು.

ಆಮೇಲೆ ಸುಣ್ಣದ ಬಗೆಗೆ ಓದಲು ತೊಡಗಿದೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಅನಿಲ ಹೊರಟುಹೋಗುತ್ತದೆ. ಸುಟ್ಟ ಕಲ್ಲಿಗೆ ನೀರು ಹಾಕಿದರೆ ಕುದಿದು ಅರಳುತ್ತದೆ. ಆ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ನೆನೆಯಿಟ್ಟು, ಮರಳು ಅಥವಾ ಇಟ್ಟಿಗೆಯ ಪುಡಿ ಬೆರೆಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ ಗೋಡೆಗೆ ಹಚ್ಚಿದರೆ, ಅದು ಕಳೆದುಕೊಂಡ ಅನಿಲವನ್ನೇ ಗಾಳಿಯಿಂದ ಮರಳಿ ಪಡೆದು ವರ್ಷಗಳ ಕಾಲ ನಿಧಾನವಾಗಿ ಕಲ್ಲಾಗುತ್ತದೆ. ಗಟ್ಟಿಯಾದರೂ ಅದರಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಕುಡಿದ ತೇವವನ್ನು ಗೋಡೆ ಅವುಗಳ ಮೂಲಕ ಬಿಟ್ಟುಕೊಡುತ್ತದೆ. ಗೋಡೆ ಸ್ವಲ್ಪ ಕದಲಿದರೆ ತಾನೂ ಸ್ವಲ್ಪ ಬಾಗುತ್ತದೆ. ಸಿಮೆಂಟು ಬಾಗುವುದಿಲ್ಲ, ಬಿರಿಯುತ್ತದೆ. ಸಿಮೆಂಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹೊಸ ಕಟ್ಟಡಕ್ಕೆ ಅದು ಒಳ್ಳೆಯ ಸೇವಕ. ಸುಣ್ಣದ ಗೋಡೆಗೆ ಮಾತ್ರ ಅದು ಹೊರಗಿನವನು. ಸುಣ್ಣವೆಂದರೆ ದುರ್ಬಲವೆಂದು ಭಾವಿಸುವವರು ಕೃಷ್ಣರಾಜಸಾಗರದ ಕಟ್ಟೆಯನ್ನು ನೆನೆಯಲಿ. ಸಿಮೆಂಟಲ್ಲ, ಸುಣ್ಣ ಮತ್ತು ಸುರ್ಕಿಯ ಗಾರೆಯೇ ಅಷ್ಟು ನೀರನ್ನು ತಡೆದು ನಿಲ್ಲಿಸಿದೆ.

ಅರಸುಗಳ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯವನ್ನು ಆ ದಿನಗಳಲ್ಲಿ ಮತ್ತೆ ಓದಿದಾಗ ನಾಚಿಕೆಯಾಯಿತು. ಅರಸ ಯೋವಾಷನು ದೇವಾಲಯದ ಬಿರುಕುಗಳನ್ನು ದುರಸ್ತಿ ಮಾಡಿಸಲು ಯಾಜಕರಿಗೆ ಹಣ ವಹಿಸುತ್ತಾನೆ. ಅವನ ಆಳ್ವಿಕೆಯ ಇಪ್ಪತ್ತಮೂರನೆಯ ವರ್ಷ ಬಂದರೂ ಯಾಜಕರು ಏನನ್ನೂ ಮಾಡಿರುವುದಿಲ್ಲ! ಕೊನೆಗೆ ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಬಲಿಪೀಠದ ಬದಿಗಿಟ್ಟು, ಅದರಲ್ಲಿ ಬಿದ್ದ ಹಣವನ್ನು ನೇರವಾಗಿ ಬಡಗಿಗಳಿಗೂ ಕಲ್ಲುಕುಟಿಗರಿಗೂ ಕೊಡುತ್ತಾರೆ. ಅವರಿಂದ ಯಾರೂ ಲೆಕ್ಕ ಕೇಳುವುದಿಲ್ಲ, ಅವರು ನಂಬಿಕಸ್ಥರಾಗಿದ್ದರು. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಯೋಷೀಯನ ಕಾಲದ ದುರಸ್ತಿಯ ಸಮಯದಲ್ಲಿ ಕಳೆದುಹೋಗಿದ್ದ ಧರ್ಮಶಾಸ್ತ್ರದ ಗ್ರಂಥವೇ ದೊರೆಯುತ್ತದೆ. ಅವರಿಗೆ ದುರಸ್ತಿಯಲ್ಲಿ ಗ್ರಂಥ ದೊರೆಯಿತು; ನಾನು ಇದ್ದ ಪುಟವನ್ನು ರಸ್ತೆಯ ಗುಂಡಿಗೆ ಸುರಿದಿದ್ದೆ. ಸಂತ ದಮಿಯಾನನ ಪಾಳು ಗುಡಿಯಲ್ಲಿ ‘ನನ್ನ ಮನೆಯನ್ನು ಸರಿಪಡಿಸು’ ಎಂಬ ಕರೆ ಕೇಳಿದ ಅಸ್ಸಿಸಿಯ ಫ್ರಾನ್ಸಿಸರು ಅದನ್ನು ಅಕ್ಷರಶಃ ತೆಗೆದುಕೊಂಡು ಕಲ್ಲು ಹೊತ್ತರೆಂದೂ, ಪ್ರಭುವಿನ ಉದ್ದೇಶ ಧರ್ಮಸಭೆಯ ಸುಧಾರಣೆಯಾಗಿತ್ತೆಂದೂ ಗುರುಮಠದಲ್ಲಿ ನಮಗೆ ಕಲಿಸಿದ್ದರು. ಇರಬಹುದು. ಆದರೆ ಆ ಗುಡಿ ಇಂದಿಗೂ ನಿಂತಿರುವುದು ಆ ‘ತಪ್ಪು’ ಅರ್ಥದಿಂದಲೇ ಅಲ್ಲವೇ?

ಹೇಗೆ ದುರಸ್ತಿ ಮಾಡಬೇಕೆಂಬ ಪಾಠಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಚಿಕ್ಕಮಗಳೂರಿನಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ ಬೇಲೂರಿದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಸ್ಥಾನದ ಶಿಲ್ಪಗಳನ್ನು ನೋಡಲು ಜಗತ್ತೇ ಬರುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನೂ ಸೇರಿದವು. ಆದರೆ ನಾನು ಅಲ್ಲಿಗೆ ಹೋದಾಗ ಮೊದಲು ನೋಡುವುದು ಮದನಿಕೆಯರನ್ನಲ್ಲ; ಆಮೇಲಿನವರ ದುರಸ್ತಿಗಳನ್ನು. ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ, 1381ರಲ್ಲಿ, ಒಳಗೆ ಆಸರೆಯಾಗಿ ನಾಲ್ಕು ಕಣಶಿಲೆಯ ಕಂಬಗಳನ್ನು ನಿಲ್ಲಿಸಿದರು. ಹೊಯ್ಸಳರ ಬಳಪದ ಕಲ್ಲಿನ ನುಣುಪು ಅವಕ್ಕಿಲ್ಲ, ಇದೆಯೆಂದು ನಟಿಸುವುದೂ ಇಲ್ಲ. ಭಾರ ಹೊರಲು ಬಂದವು, ಆರು ಶತಮಾನಗಳಿಂದ ಹೊತ್ತು ನಿಂತಿವೆ. ದಾಳಿಯಲ್ಲಿ ಹಾಳಾದ ಮಹಾದ್ವಾರದ ಗೋಪುರವನ್ನು 1397ರಲ್ಲಿ ಗುಂಡನೆಂಬ ದಂಡನಾಯಕ ತನ್ನ ಕಾಲದ ಶೈಲಿಯಲ್ಲಿಯೇ ಮತ್ತೆ ಎತ್ತಿಸಿದ. ಇನ್ನು ಗರ್ಭಗುಡಿಯ ಮೇಲೆ ಇಟ್ಟಿಗೆ, ಗಾರೆಗಳ ಒಂದು ಶಿಖರವಿತ್ತು. ಅದರ ಭಾರದಿಂದ ಕೆಳಗಿನ ಕಟ್ಟಡಕ್ಕೇ ಅಪಾಯವೆಂದು 1879ರಲ್ಲಿ ಅದನ್ನು ಇಳಿಸಿದರು. ಅದರ ಜಾಗದಲ್ಲಿ ಊಹೆಯ ಶಿಖರವನ್ನು ಕಟ್ಟದೆ ಬಿಟ್ಟಿದ್ದಾರೆ. ಬೇಲೂರಿನ ಆ ಬರಿದಾದ ನೆತ್ತಿಯನ್ನು ನೋಡಿ ‘ಅಪೂರ್ಣ’ ಎನ್ನುವ ಮಾರ್ಗದರ್ಶಕರಿದ್ದಾರೆ. ನನಗದು ಸತ್ಯ ಹೇಳುವವನ ಮೌನದಂತೆ ಕಾಣುತ್ತದೆ.

ಯುರೋಪಿನಲ್ಲಿ ಇದೇ ವಿಷಯವಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ವಾದವೇ ನಡೆಯಿತು. ಫ್ರಾನ್ಸಿನ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್, ಹಳೆಯ ಕಟ್ಟಡವನ್ನು ಅದು ಹಿಂದೆಂದೂ ಇದ್ದಿರದಷ್ಟು ಪರಿಪೂರ್ಣವಾಗಿ ಮಾಡಬಹುದೆಂದು ವಾದಿಸಿದ. ಇಂಗ್ಲೆಂಡಿನ ರಸ್ಕಿನ್, ಅದು ಕಟ್ಟಡದ ಮೇಲೆ ಹೇಳುವ ಸುಳ್ಳು. ಮೊದಲೇ ಆರೈಕೆ ಮಾಡಿದರೆ ಜೀರ್ಣೋದ್ಧಾರದ ಅಗತ್ಯವೇ ಬಾರದು ಎಂಬ ನಿಲುವು ತಳೆದ. 1964ರ ವೆನಿಸ್ ಸನ್ನದು ರಸ್ಕಿನ್ನನ ಕಡೆಗೆ ಹೆಚ್ಚು ವಾಲಿತು: ಎಲ್ಲಿ ಊಹೆ ತೊಡಗುವುದೋ ಅಲ್ಲಿ ಕೆಲಸ ನಿಲ್ಲಬೇಕೆಂಬುದು ಅದರ ಮುಖ್ಯ ಸೂತ್ರ. ಆದರೂ ಪ್ಯಾರಿಸ್ಸಿನ ನೋತ್ರ್‌ದಾಮ್ ಪ್ರಧಾನಾಲಯ 2019ರ ಏಪ್ರಿಲ್ 15ರಂದು ಹೊತ್ತಿ ಉರಿದಾಗ, ಬಿದ್ದ ಶಿಖರವನ್ನು ವಿಯೊಲೆ-ಲ-ದ್ಯುಕ್ ಕಟ್ಟಿಸಿದ್ದ ರೂಪದಲ್ಲಿಯೇ ಮತ್ತೆ ಎತ್ತಿದರು. ಅಲ್ಲಿ ಊಹೆಯ ಮಾತಿರಲಿಲ್ಲ, ನಕ್ಷೆಗಳೂ ಅಳತೆಗಳೂ ಇದ್ದವು. ಸಾವಿರಾರು ಓಕ್ ಮರಗಳನ್ನು ತಂದರು. ಹಳೆಯ ಚಾವಣಿಯ ತೊಲೆಗಳನ್ನು ಕೊಡಲಿಯಿಂದ ಕೈಯಾರೆ ಕೆತ್ತಬಲ್ಲ ಬಡಗಿಗಳೂ ದೊರೆತರು. 2024ರ ಡಿಸೆಂಬರಿನಲ್ಲಿ ಅದರ ಬಾಗಿಲು ತೆರೆಯಿತು. ಹಣಕ್ಕಿಂತಲೂ ಆ ಬಡಗಿಗಳನ್ನು ಕಂಡು ನನಗೆ ಅಸೂಯೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಗಾರೆ ಅರೆಯಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ? ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ ಇಟಲಿಯ ಸಹೋದರ ಮೊಸ್ಕೇನಿ 1900ರ ಸುಮಾರಿಗೆ ಬರೆದ ಚಿತ್ರಗಳನ್ನು 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಕಾಪಾಡಿಕೊಟ್ಟರು. ಅಂಥ ತಜ್ಞರು ಹೆಸರಾಂತ ಚಿತ್ರಗಳಿಗೆ ಬರುತ್ತಾರೆ. ಎಸ್ಟೇಟಿನ ನಡುವಿನ ದ್ರಾಕ್ಷಿಬಳ್ಳಿಗೆ ನಾವೇ ಗತಿ.

ಮಲೆನಾಡಿನ ಕಟ್ಟಡವನ್ನು ಕೊಲ್ಲುವುದು ಬಹುತೇಕ ಒಂದು ಒಡೆದ ಹೆಂಚು. ಮೇ ತಿಂಗಳಲ್ಲಿ ಏಣಿ ಹತ್ತಿ ಅದನ್ನು ಬದಲಿಸಿ, ಸೂರಿನ ದಂಬೆಯ ಎಲೆಗಳನ್ನು ತೆಗೆದು, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆ ಬಿಡಿಸಿದರೆ ಅರ್ಧ ಕೆಲಸ ಆದಂತೆ. ಇದಕ್ಕೆ ಉದ್ಘಾಟನೆಯಿಲ್ಲ, ಅಮೃತಶಿಲೆಯ ಫಲಕವಿಲ್ಲ. ನಮ್ಮ ಪಾಲನಾ ಮಂಡಳಿಗಳಲ್ಲಿ ಹೊಸ ಮುಖಮಂಟಪಕ್ಕೆ ದಾನಿಗಳು ಸಿಗುವಷ್ಟು ಸುಲಭವಾಗಿ ಹೆಂಚಿಗೆ ಸಿಗುವುದಿಲ್ಲ.

ಎರಡು ವರ್ಷಗಳ ಹಿಂದೆ ಆ ಹಳೆಯ ಧರ್ಮಕೇಂದ್ರದ ಹಬ್ಬಕ್ಕೆ ನನ್ನನ್ನು ಕರೆದಿದ್ದರು. ಈಗಿನ ಗುರುಗಳು ಚಿಕ್ಕ ವಯಸ್ಸಿನವರು. ಪೂಜೆ ಮುಗಿದ ಮೇಲೆ ಅವರು ನನ್ನನ್ನು ಬಲಿಪೀಠದ ಬದಿಗೆ ಕರೆದೊಯ್ದು, ಗೋಡೆಗೆ ಒತ್ತಿಕೊಂಡಿದ್ದ ಪೂಜಾವಸ್ತ್ರಗಳ ಭಾರೀ ಬೀರುವನ್ನು ಸರಿಸಿದ್ದ ಜಾಗ ತೋರಿಸಿದರು. ಅದರ ಹಿಂದೆ ಒಂದು ಮೊಳದಷ್ಟು ಹಳೆಯ ಗಾರೆ ಉಳಿದಿತ್ತು. ನೀಲಿಯ ಬಳ್ಳಿ, ಎರಡು ಗೊಂಚಲು, ಒಂದು ತೆನೆ. ಬೀರು ಸರಿಸಲು ಬೇಸರಪಟ್ಟ ನಮ್ಮ ಕೂಲಿಯಾಳುಗಳ ಸೋಮಾರಿತನಕ್ಕೆ ಆ ದಿನ ದೇವರಿಗೆ ವಂದನೆ ಸಲ್ಲಿಸಿದೆ.

ಪಡುವಣ ಗೋಡೆಯ ಸಿಮೆಂಟು ತೆಗೆದು ಸುಣ್ಣದ ಗಾರೆ ಹಾಕಬೇಕೆಂದು ಮಂಡಳಿಯವರು ನಿರ್ಧರಿಸಿದ್ದರು. ವಾದವಿದ್ದದ್ದು ಆ ಮೊಳದ ಬಗೆಗೆ. ಅದನ್ನೇ ಮಾದರಿಯಾಗಿಟ್ಟು ಇಡೀ ಪಟ್ಟಿಯನ್ನು ಮತ್ತೆ ಬರೆಯಿಸೋಣವೆಂದು ಕೆಲವರು. ಹಾಗೆಯೇ ಬಿಡೋಣವೆಂದು ಕೆಲವರು. ನನ್ನ ಅಭಿಪ್ರಾಯ ಕೇಳಿದರು. ಕೆರೆಸಿದವನಿಗೆ ಮಾತನಾಡುವ ಹಕ್ಕು ಎಷ್ಟೆಂಬ ಅಳುಕಿದ್ದರೂ, ಆ ಮೊಳವನ್ನು ಮುಟ್ಟದೆ, ಉಳಿದ ಗೋಡೆಗೆ ಬರಿಯ ಬಿಳಿ ಸುಣ್ಣ ಹೊಡೆಯಿರಿ ಎಂದೆ. ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಎಂಬುದು ಮಕ್ಕಳಿಗೂ ಕಾಣಲಿ ಎಂದೆ. ಮಂಡಳಿ ಒಪ್ಪಿತು, ಒಬ್ಬರು ಮಾತ್ರ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ.

ಊರಿನಲ್ಲಿ ಗಾರೆ ಬಲ್ಲವರು ಯಾರೂ ಇರಲಿಲ್ಲ. ಮೇಸ್ತ್ರಿಯವರ ಮೊಮ್ಮಗ ಬೆಂಗಳೂರಿನಲ್ಲಿ ಟೈಲ್ಸ್ ಹಾಕುತ್ತಾನೆ. ಹೊರಗಿನಿಂದ ಕೆಲಸಗಾರರನ್ನು ಕರೆಸಿ, ಅಂಗಳದಲ್ಲಿ ತೊಟ್ಟಿ ಕಟ್ಟಿ, ಸುಣ್ಣ ನೆನೆಯಿಟ್ಟರು. ಮೊದಲ ಮಳೆಗಾಲದ ಆಗಸ್ಟ್ ತಿಂಗಳಿನಲ್ಲಿ ಆ ಚಿಕ್ಕ ಗುರುಗಳು ಗಾಬರಿಯಿಂದ ಫೋನ್ ಮಾಡಿದರು: “ಫಾದರ್, ಗೋಡೆ ಒದ್ದೆಯಾಗಿದೆ, ಜನ ಕೇಳುತ್ತಿದ್ದಾರೆ.” ಬೇಸಿಗೆಯವರೆಗೆ ಕಾಯಿರಿ ಎಂದೆ. ಕಾಫಿ ಕೊಯ್ಲು ಮುಗಿಯುತ್ತಾ ಬಂದ ಫೆಬ್ರವರಿಯಲ್ಲಿ ನಾನೇ ಹೋದೆ. ಕಣಗಳಲ್ಲಿ ಕಾಫಿ ಒಣಗುತ್ತಿತ್ತು. ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿದೆ. ಒಣಗಿತ್ತು.